ಬಿಸಿಲಿಗೆ ಬೈಯುವ ಮೊದಲು ಬಕೆಟ್ ನೋಡಿ: ಬಣ್ಣ ಹಾಕಿದ ಕೂದಲಿನ ಬೇಸಿಗೆ ಪಾಡು

ಹೋದ ವರ್ಷ ಮಾರ್ಚ್ ಕೊನೆಯಲ್ಲಿ ನಾನೂ ನನ್ನ ಅಕ್ಕನೂ ಒಂದೇ ದಿನ ತಲೆಗೆ ಬಣ್ಣ ಹಚ್ಚಿಕೊಂಡೆವು. ಒಂದೇ ಅಂಗಡಿಯಲ್ಲಿ ತಂದ ಒಂದೇ ಬಣ್ಣದ ಎರಡು ಡಬ್ಬಿ. ಗಾಢ ಕಂದು. ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ನಾನಿರುವುದು ದಾವಣಗೆರೆಯಲ್ಲಿ. ನಲ್ಲಿಯಲ್ಲಿ ಪಾಲಿಕೆ ನೀರು ಬರುತ್ತದೆ, ತುಂಗಭದ್ರಾ ಹೊಳೆಯದ್ದೋ ಭದ್ರಾ ಕಾಲುವೆಯದ್ದೋ. ಅಕ್ಕ ಇರುವುದು ಚಿತ್ರದುರ್ಗದ ಹೊರಗಿನ ಹೊಸ ಬಡಾವಣೆಯಲ್ಲಿ. ಅಲ್ಲಿ ಬೋರ್‌ವೆಲ್ಲೇ ಗತಿ.

ಮದುವೆ ಮನೆಯಲ್ಲಿ ಸಿಕ್ಕಾಗ ನನ್ನ ತಲೆ ಸ್ವಲ್ಪ ಮಾಸಿತ್ತು, ಅಷ್ಟೇ. ಅವಳದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ತೆಂಗಿನ ನಾರು. "ದುರ್ಗದ ಬಿಸಿಲು ಕಣೆ, ಬಂಡೆ ಕಾದಂಗೆ ತಲೆ ಕಾಯ್ತದೆ" ಅಂದಳು. ಹೌದಿರಬೇಕು ಅಂದುಕೊಂಡೆ. ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ತಪ್ಪಿದೆ ಅನ್ನಿಸಿತು. ಅಕ್ಕ ಮನೆಯಿಂದ ಹೊರಗೆ ಕಾಲಿಡುವುದೇ ಸಂಜೆ ಐದರ ಮೇಲೆ. ಮಟಮಟ ಮಧ್ಯಾಹ್ನ ಸ್ಕೂಟಿ ಮೇಲೆ ಸುತ್ತುವವಳು ನಾನು. ಬಿಸಿಲೇ ಕಳ್ಳ ಆಗಿದ್ದರೆ ನನ್ನ ಕೂದಲು ಮೊದಲು ಹೋಗಬೇಕಿತ್ತು, ಅಲ್ವಾ?

ಬಿಸಿಲು ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಅದರ ಪಾಲು ಅದು ಕದಿಯುತ್ತದೆ. ಆದರೆ ಬೇಸಿಗೆಯಲ್ಲಿ ಬಣ್ಣ ಜಾಸ್ತಿ ಹೋಗುವುದು ಬಚ್ಚಲಲ್ಲಿ. ಯಾಕೆ ಅಂತ ತಿಳಿಯಬೇಕಾದರೆ ಬಣ್ಣ ಕೂದಲಿನೊಳಗೆ ಹೇಗೆ ಕೂರುತ್ತದೆ ಅಂತ ಮೊದಲು ನೋಡಬೇಕು.

ಬಾಗಿಲು, ಮಂಚ ಮತ್ತು ಹೆಂಚು

ಒಂದು ಕೂದಲನ್ನು ಹಳೇ ಹೆಂಚಿನ ಮನೆ ಅಂದುಕೊಳ್ಳಿ. ಹೊರಗೆ ಒಂದರ ಮೇಲೊಂದು ಜೋಡಿಸಿದ ಹೆಂಚುಗಳಂಥ ಹೊರಪದರ. ಅದಕ್ಕೆ ಕ್ಯೂಟಿಕಲ್ ಅನ್ನುತ್ತಾರೆ. ಒಳಗೆ ಕೆರಾಟಿನ್ ಅನ್ನುವ ಪ್ರೋಟೀನಿನ ಎಳೆಗಳು. ಅವುಗಳ ನಡುವೆ ಕೂದಲಿಗೆ ಹುಟ್ಟುಬಣ್ಣ ಕೊಡುವ ಮೆಲನಿನ್ ಕಣಗಳು. ನರೆತ ಕೂದಲಲ್ಲಿ ಈ ಕಣಗಳು ಇಲ್ಲ, ಅದಕ್ಕೇ ಅದು ಬಿಳಿ. ಹೆಂಚಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಜಿಡ್ಡಿನ ಪದರವೂ ಇರುತ್ತದೆ. ಇದು ನಾವು ಹಚ್ಚುವ ಎಣ್ಣೆ ಅಲ್ಲ, ಕೂದಲಿಗೇ ಅಂಟಿ ಬಂದದ್ದು. ಬಣ್ಣ ಮುಟ್ಟದ ಕೂದಲ ಮೇಲೆ ನೀರು ಬಿದ್ದರೆ ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಜಾರುವುದು ಇದರಿಂದ.

ಈಗ ಬಣ್ಣದ ಡಬ್ಬಿ ತೆಗೆಯಿರಿ. ಎರಡು ಟ್ಯೂಬ್ ಇರುತ್ತವೆ. ಒಂದರಲ್ಲಿ ಬಣ್ಣದ ಕಚ್ಚಾ ಸಾಮಾನು ಮತ್ತು ಅಮೋನಿಯಾ. ಇನ್ನೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಅದರ ಮೇಲೆ 20 ವಾಲ್ಯೂಮ್ ಅಂತ ಬರೆದಿದ್ದರೆ ಶೇಕಡಾ 6 ಅಂತ ಅರ್ಥ. ಅಮೋನಿಯಾ ಕೂದಲನ್ನು ಉಬ್ಬಿಸಿ ಹೆಂಚುಗಳನ್ನು ಎತ್ತುತ್ತದೆ. ಆ ಸಂದಿಯಲ್ಲಿ ಸಣ್ಣ ಸಣ್ಣ ಅಣುಗಳು ಒಳಗೆ ನುಗ್ಗುತ್ತವೆ. ಅವಕ್ಕೆ ಆಗ ಬಣ್ಣವೇ ಇರುವುದಿಲ್ಲ. ಒಳಗೆ ಹೋದ ಮೇಲೆ ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಬಣ್ಣದ ಅಣು ಮಾಡುತ್ತದೆ. ಮಂಚವನ್ನು ಬಿಡಿಬಿಡಿಯಾಗಿ ಕೋಣೆಗೆ ಸಾಗಿಸಿ ಒಳಗೇ ಜೋಡಿಸಿದ ಹಾಗೆ. ಜೋಡಿಸಿದ ಮಂಚ ಆ ಬಾಗಿಲಲ್ಲಿ ಹೊರಗೆ ಬರುವುದಿಲ್ಲ. ಪರ್ಮನೆಂಟ್ ಕಲರ್ ಅಂದರೆ ಇಷ್ಟೇ.

ಆದರೆ ಮಂಚ ಸಾಗಿಸುವ ಗಡಿಬಿಡಿಯಲ್ಲಿ ಬಾಗಿಲ ಚೌಕಟ್ಟು ಅಲುಗಾಡಿರುತ್ತದೆ. ಎದ್ದ ಹೆಂಚು ಮೊದಲಿನಂತೆ ಕೂರುವುದಿಲ್ಲ. ಆ ಜಿಡ್ಡಿನ ಪದರವೂ ಕಿತ್ತುಹೋಗಿರುತ್ತದೆ. ಕೆಸುವಿನ ಎಲೆ ಈಗ ಒಣ ಸ್ಪಂಜು. ಎಲ್ಲ ಮಂಚಗಳೂ ಪೂರ್ತಿ ಜೋಡಣೆ ಆಗಿರುವುದಿಲ್ಲ. ಅರೆಬರೆ ಜೋಡಣೆಯಾದ ಸಣ್ಣ ಅಣುಗಳು ಹೊರಗೆ ಬರಲು ಕಾಯುತ್ತಿರುತ್ತವೆ. ಅದಕ್ಕೇ ಮೊದಲ ನಾಲ್ಕೈದು ಸಲ ತಲೆಗೆ ಹಾಕಿಕೊಂಡಾಗ ಬಚ್ಚಲ ನೀರು ಚಹಾದ ಬಣ್ಣಕ್ಕೆ ತಿರುಗುವುದು, ಬಿಳಿ ಟವೆಲ್ ಹಾಳಾಗುವುದು.

"ಅಮೋನಿಯಾ ಇಲ್ಲ" ಅಂತ ಡಬ್ಬಿ ಮೇಲೆ ಬರೆದಿದ್ದರೆ ಸಮಾಧಾನಪಡಬೇಡಿ. ಸಾಮಾನ್ಯವಾಗಿ ಅದರ ಜಾಗದಲ್ಲಿ ವಾಸನೆ ಇಲ್ಲದ ಇನ್ನೊಂದು ಕ್ಷಾರ ಇರುತ್ತದೆ. ಮೂಗಿಗೆ ಆರಾಮ, ಹೆಂಚಿಗೆ ಅದೇ ಗತಿ. ಕಾಲೇಜು ಹುಡುಗರು ಹಾಕುವ ನೀಲಿ, ಕೆಂಪು ಬಣ್ಣಗಳದ್ದು ಬೇರೆ ಕಥೆ. ಮೊದಲು ಬ್ಲೀಚ್ ಮಾಡಿ ಹುಟ್ಟುಬಣ್ಣ ತೆಗೆದು, ಮೇಲೆ ಸೆಮಿ ಪರ್ಮನೆಂಟ್ ಬಣ್ಣ ಬಳಿಯುತ್ತಾರೆ. ಅದು ಜೋಡಿಸಿದ ಮಂಚ ಅಲ್ಲ, ಜಗಲಿ ಮೇಲೆ ಕೂತ ನೆಂಟ. ಹತ್ತಾರು ಸ್ನಾನಕ್ಕೆ ಎದ್ದು ಹೋಗುತ್ತಾನೆ. ಗೋರಂಟಿ ಇವೆರಡಕ್ಕಿಂತ ಬೇರೆ. ಅದರ ಬಣ್ಣ ಕೆರಾಟಿನ್‌ಗೇ ಅಂಟಿಕೊಳ್ಳುವುದರಿಂದ ಚೆನ್ನಾಗಿ ಬಾಳುತ್ತದೆ. ಆದರೆ ಗೋರಂಟಿ ಕೊಡುವುದು ಕೆಂಪು ಮಾತ್ರ. "ಕಪ್ಪು ಮೆಹೆಂದಿ" ಪೊಟ್ಟಣದಲ್ಲಿ ಅನೇಕ ಸಲ ಇರುವುದು ಅದೇ ಡಬ್ಬಿಯ ರಾಸಾಯನಿಕ. ಪೊಟ್ಟಣ ತಿರುಗಿಸಿ ಓದಿ.

ಬೇಳೆ ಬೇಯದ ನೀರು

ಕೂದಲು ಒದ್ದೆಯಾದರೆ ಉಬ್ಬುತ್ತದೆ. ಅದರ ದಪ್ಪ ಸುಮಾರು ಶೇಕಡಾ 15ರಷ್ಟು ಹೆಚ್ಚುತ್ತದೆ. ಬಣ್ಣ ಹಾಕಿದ ಕೂದಲು ಇನ್ನೂ ಬೇಗ, ಇನ್ನೂ ಜಾಸ್ತಿ ನೀರು ಕುಡಿಯುತ್ತದೆ. ಉಬ್ಬಿದಾಗ ಹೆಂಚುಗಳ ಸಂದಿ ಅಗಲವಾಗುತ್ತದೆ, ಬಣ್ಣ ಕರಗಿ ಇಳಿಯುತ್ತದೆ. ಇದಕ್ಕೆ ಶಾಂಪೂ ಬೇಕೇ ಬೇಕು ಅಂತಿಲ್ಲ, ಬರೀ ನೀರು ಸಾಕು. ನೀರು ಬಿಸಿಯಾದಷ್ಟೂ ಕೆಲಸ ಬೇಗ.

ಈಗ ನಮ್ಮ ಬೇಸಿಗೆ ನೆನಪಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ, ತಲೆ ಅಂಟುತ್ತದೆ. ವಾರಕ್ಕೆರಡು ಸಲ ತಲೆಗೆ ಹಾಕಿಕೊಳ್ಳುತ್ತಿದ್ದವರು ದಿನಾ ಶುರು ಮಾಡುತ್ತೇವೆ. ತಿಂಗಳಿಗೆ ಎಂಟು ಇದ್ದದ್ದು ಮೂವತ್ತಾಯಿತು. ಸುಮ್ನೆ ಒಂದು ತಂಬಿಗೆ ನೀರು ಹೊಯ್ದುಕೊಂಡೆ, ಶಾಂಪೂ ಹಾಕಲಿಲ್ಲ ಅಂದರೂ ಬಣ್ಣಕ್ಕೆ ಅದು ಲೆಕ್ಕಕ್ಕೇ ಸೇರುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ತಾರಸಿ ಮೇಲಿನ ಕಪ್ಪು ಟ್ಯಾಂಕ್. ಮಧ್ಯಾಹ್ನ ಎರಡಕ್ಕೆ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ತಣ್ಣೀರಲ್ಲೇ ಸ್ನಾನ ಮಾಡುತ್ತೇನೆ ಅಂದುಕೊಂಡವರೂ ಬಿಸಿನೀರಲ್ಲೇ ಮಾಡುತ್ತಿರುತ್ತಾರೆ. ಬೆಳಗ್ಗೆ ಆರೂವರೆಗೆ ಅದೇ ಟ್ಯಾಂಕಿನ ನೀರು ತಣ್ಣಗಿರುತ್ತದೆ. ಹಾಗಾಗಿ ತಲೆಸ್ನಾನ ಬೆಳಗ್ಗೆಯೇ ಆಗಲಿ.

ಇನ್ನು ಅಕ್ಕನ ಬೋರ್‌ವೆಲ್. ಚಿತ್ರದುರ್ಗ, ಜಗಳೂರು, ಚಳ್ಳಕೆರೆ ಕಡೆಯವರಿಗೆ ಗಡಸು ನೀರು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ತೊಗರಿಬೇಳೆ ಕುಕ್ಕರಿನಲ್ಲಿ ಐದು ಕೂಗು ಕೂಗಿದರೂ ಕಾಳು ಕಾಳಾಗೇ ಇದ್ದರೆ ಅದೇ ಪರೀಕ್ಷೆ. ಬಕೆಟ್ ಅಂಚಿಗೆ ಬಿಳಿ ಗೆರೆ, ಗೀಸರ್ ಕಾಯಿಲ್‌ಗೆ ಸುಣ್ಣದ ಪದರ, ಸೋಪು ಎಷ್ಟು ಉಜ್ಜಿದರೂ ಬಾರದ ನೊರೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಅಕ್ಕನ ಮನೆ ನೀರನ್ನು ಯಾರೂ ಅಳೆದಿಲ್ಲ, ಆದರೆ ಅವಳ ಬೇಳೆಯಂತೂ ಬೇಯುವುದಿಲ್ಲ.

ಈ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಣಗಳಿಗೆ ಧನ ವಿದ್ಯುದಂಶ. ಬಣ್ಣ ಹಾಕಿ ಸವೆದ ಕೂದಲಿಗೆ ಋಣ ವಿದ್ಯುದಂಶ ಜಾಸ್ತಿ. ಎರಡೂ ಅಂಟಿಕೊಳ್ಳುತ್ತವೆ. ಸ್ನಾನದ ಸೋಪನ್ನೇ ತಲೆಗೂ ಉಜ್ಜುವವರಾದರೆ ಸೋಪು ಈ ಸುಣ್ಣದ ಜೊತೆ ಸೇರಿ ಬಿಳಿ ಗಸಿಯಾಗಿ ಕೂದಲ ಮೇಲೆ ಕೂರುತ್ತದೆ. ಹೊಳಪು ಹೋಗುತ್ತದೆ, ಬಾಚಣಿಗೆ ಸಿಕ್ಕಿಕೊಳ್ಳುತ್ತದೆ. ಕೊಳೆ ಹೋಗಲಿಲ್ಲ ಅಂತ ನಾವು ಇನ್ನಷ್ಟು ಶಾಂಪೂ ಹಾಕಿ ಉಜ್ಜುತ್ತೇವೆ. ಬಣ್ಣ ಇನ್ನಷ್ಟು ಹೋಗುತ್ತದೆ. ನೀರಲ್ಲಿ ಕಬ್ಬಿಣ ಇದ್ದರೆ, ಅಂದರೆ ನಲ್ಲಿ ಕೆಳಗೆ ಕೆಂಪು ಕಲೆ ಬೀಳುತ್ತಿದ್ದರೆ, ಆ ಕೆಂಪು ತಲೆಗೂ ಸ್ವಲ್ಪ ಏರುತ್ತದೆ. ಫ್ಲೋರೈಡ್ ಬಗ್ಗೆ ಕೇಳುವವರಿದ್ದಾರೆ. ಅದು ಹಲ್ಲು, ಮೂಳೆಯ ತಾಪತ್ರಯ, ಕೂದಲ ಬಣ್ಣಕ್ಕೆ ಸಂಬಂಧವಿಲ್ಲ.

ಪರಿಹಾರ ಅಂತ ನಲ್ಲಿಗೆ ಸಿಕ್ಕಿಸುವ ಸಣ್ಣ ಶವರ್ ಫಿಲ್ಟರ್ ಮಾರುತ್ತಾರೆ. ದುಡ್ಡು ಹಾಕುವ ಮೊದಲು ಕೇಳಿ. ಅವುಗಳಲ್ಲಿ ಹೆಚ್ಚಿನವು ಕ್ಲೋರಿನ್ ಕಡಿಮೆ ಮಾಡಬಹುದು, ಗಡಸುತನ ತೆಗೆಯುವುದಿಲ್ಲ. ಗಡಸುತನ ತೆಗೆಯುವುದು ಉಪ್ಪು ಹಾಕಿ ನಡೆಸುವ ಸಾಫ್ಟನರ್ ಯಂತ್ರ. ಅದು ದುಬಾರಿ. ನೀರು ಕಾಯಿಸಿದರೆ ಒಂದಷ್ಟು ಸುಣ್ಣ ತಳಕ್ಕೆ ಕೂರುತ್ತದೆ, ಪೂರ್ತಿ ಹೋಗುವುದಿಲ್ಲ.

ಅಗ್ಗದ ದಾರಿ ಒಂದಿದೆ. ಈಗ ಹಳ್ಳಿಹಳ್ಳಿಯಲ್ಲೂ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಇಡೀ ಸ್ನಾನಕ್ಕೆ ಅದು ಬೇಡ. ಬೋರ್ ನೀರಲ್ಲೇ ತೊಳೆದು, ಕೊನೆಗೆ ಈ ನೀರು ಒಂದೆರಡು ಲೀಟರ್ ಹೊಯ್ದುಕೊಂಡರೆ ಸಾಕು. ಹದಿನೈದು ದಿನಕ್ಕೊಮ್ಮೆ ಈ ನೀರಿನ ಒಂದು ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಎದ್ದ ಹೆಂಚನ್ನೂ ಸ್ವಲ್ಪ ಕೂರಿಸುತ್ತದೆ. ಕಣ್ಣಿಗೆ ಬೀಳದಂತೆ ತಲೆ ಹಿಂದಕ್ಕೆ ಬಗ್ಗಿಸಿ ಹೊಯ್ಯಬೇಕು. ಅಕ್ಕ ಮೊದಲ ಸಲ ಹೀಗೆ ಚೊಂಬಿನಲ್ಲಿ ಬೆರೆಸಿ ಬಚ್ಚಲ ಕಟ್ಟೆ ಮೇಲೆ ಇಟ್ಟಿದ್ದಳು. ಹೊರಗಿಂದ ಬಂದ ಭಾವ ಕುಡಿಯುವ ನೀರು ಅಂತ ಎತ್ತಿ ಒಂದು ಗುಟುಕು ಇಳಿಸಿದರು. ಮುಂದಿನ ಮಾತು ಇಲ್ಲಿ ಬರೆಯುವಂಥದ್ದಲ್ಲ.

ವಿನೆಗರ್ ಬೇಡ ಅನ್ನುವವರು ತಿಂಗಳಿಗೊಮ್ಮೆ ಕೀಲೇಟಿಂಗ್ ಶಾಂಪೂ, ಅಂದರೆ ಸುಣ್ಣ, ಲೋಹದ ಕಣಗಳನ್ನು ಹಿಡಿದೆಳೆಯುವ ಶಾಂಪೂ ಬಳಸಬಹುದು. ಲೇಬಲ್ಲಿನಲ್ಲಿ ಇಡಿಟಿಎ ಅನ್ನುವ ಅಂಥ ರಾಸಾಯನಿಕದ ಹೆಸರು ಇದೆಯೇ ನೋಡಿ. ದಿನಾ ಬಳಸಿದರೆ ಬಣ್ಣಕ್ಕೇ ಪೆಟ್ಟು.

ಶಾಂಪೂ, ಸೀಗೆ, ಎಣ್ಣೆ

ಸಲ್ಫೇಟ್, ಅಂದರೆ ಜೋರಾಗಿ ನೊರೆ ಬರಿಸಿ ಜಿಡ್ಡು ಕೀಳುವ ಪದಾರ್ಥ, ಇಲ್ಲದ ಶಾಂಪೂ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಒಣ ಕೂದಲಿಗೆ ಅದು ಮೃದು, ನಿಜ. ಆದರೆ ಎರಡು ಪಟ್ಟು ದುಡ್ಡು ಕೊಟ್ಟು ತಂದು ದಿನಾ ತಲೆ ತೊಳೆದರೆ ಏನೂ ಉಳಿಯುವುದಿಲ್ಲ. ಯಾವ ಶಾಂಪೂ ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ದೊಡ್ಡದು. ಇದು ನನ್ನ ಗಟ್ಟಿ ಅಭಿಪ್ರಾಯ. ಶಾಂಪೂವನ್ನು ನೀರಲ್ಲಿ ಕಲಸಿ ಬುಡಕ್ಕೆ ಮಾತ್ರ ಹಾಕಿ. ತುದಿಗೆ ಇಳಿದು ಬರುವ ನೊರೆಯೇ ಸಾಕು. ಆಮೇಲೆ ಕಂಡೀಷನರ್ ತಪ್ಪಿಸಬೇಡಿ. ಅದರ ಗುಣ ಹುಳಿ, ಕಣಗಳಿಗೆ ಧನ ವಿದ್ಯುದಂಶ. ಸವೆದ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ. ಕಿತ್ತುಹೋದ ಜಿಡ್ಡಿನ ಪದರಕ್ಕೆ ಮುಂದಿನ ಸ್ನಾನದ ತನಕ ಅದೇ ಬದಲಿ.

ಸೀಗೆಕಾಯಿ, ಅಂಟವಾಳ ಬಣ್ಣ ತೆಗೆಯುವುದಿಲ್ಲ ಅನ್ನುವ ನಂಬಿಕೆ ಇದೆ. ಅವುಗಳ ನೊರೆಯೂ ಜಿಡ್ಡು ತೆಗೆಯುವ ನೊರೆಯೇ. ಜೊತೆಗೆ ಸೀಗೆಪುಡಿಯ ತರಿ ಕೂದಲ ಮೇಲೆ ಉಪ್ಪುಕಾಗದದಂತೆ ಉಜ್ಜುತ್ತದೆ. ಬಿಡಲು ಮನಸ್ಸಿಲ್ಲದಿದ್ದರೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿ ಮಾತ್ರ ಬಳಸಿ. ಅಡುಗೆ ಸೋಡಾವನ್ನು ಮಾತ್ರ ತಲೆಯ ಹತ್ತಿರ ತರಬೇಡಿ. ಅದು ಕ್ಷಾರ, ಮತ್ತೆ ಹೆಂಚು ಎಬ್ಬಿಸುತ್ತದೆ.

ಎಣ್ಣೆ ವಿಷಯದಲ್ಲಿ ಅಜ್ಜಿ ಗೆದ್ದಿದ್ದಾಳೆ. ತೆಂಗಿನೆಣ್ಣೆಯ ಅಣು ಸಣ್ಣದು, ನೆಟ್ಟಗಿರುವಂಥದ್ದು. ಕೂದಲೊಳಗೆ ಇಳಿಯುತ್ತದೆ. ತೊಳೆಯುವ ಮೊದಲು ಹಚ್ಚಿದರೆ ಕೂದಲು ಉಬ್ಬುವುದು ಕಡಿಮೆಯಾಗುತ್ತದೆ, ಪ್ರೋಟೀನ್ ನಷ್ಟವೂ ತಗ್ಗುತ್ತದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಜೊತೆ ಹೋಲಿಸಿ ಪರೀಕ್ಷೆ ಮಾಡಿದಾಗ ಈ ಗುಣ ಕಂಡದ್ದು ತೆಂಗಿನೆಣ್ಣೆಯಲ್ಲಿ ಮಾತ್ರ. ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು, ಆದರೆ ಅಲ್ಲಿನ ಶೇಂಗಾ ಎಣ್ಣೆ ಒಗ್ಗರಣೆಗೇ ಇರಲಿ. ತೆಂಗಿನೆಣ್ಣೆಯನ್ನು ಹಿಂದಿನ ರಾತ್ರಿ ತೆಳುವಾಗಿ ಹಚ್ಚಿ. ತಲೆ ತುಂಬ ಸುರಿದುಕೊಂಡರೆ ಅದನ್ನು ತೆಗೆಯಲು ಎರಡು ಸಲ ಶಾಂಪೂ ಹಾಕಬೇಕು, ಆಗ ಲಾಭ ಹೊರಟುಹೋಯಿತು.

ಹಾಗಂತ ತಲೆ ಗಬ್ಬು ನಾರುವ ತನಕ ಕಾಯಬೇಡಿ. ಹೊಟ್ಟು, ತುರಿಕೆ ಇದ್ದರೆ ತೊಳೆಯಲೇಬೇಕು. ಬಣ್ಣಕ್ಕಿಂತ ನೆತ್ತಿ ಮುಖ್ಯ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಸಲ. ನಡುವಿನ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ನೆತ್ತಿ, ಕುತ್ತಿಗೆ ಒರೆಸಿ ಗಾಳಿಗೆ ಕೂದಲು ಬಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಈಗ ಬಿಸಿಲಿನ ಸರದಿ

ದಾವಣಗೆರೆ, ಚಿತ್ರದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ಮಧ್ಯಾಹ್ನದ ನೇರಳಾತೀತ ಸೂಚ್ಯಂಕ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಸುಡುವ ಕಿರಣದ ಅಳತೆ, 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕಿಂತ ಮೇಲಿನ ದರ್ಜೆ ಇಲ್ಲ.

ಈ ಕಿರಣ ಎರಡು ಕಡೆ ಹೊಡೆಯುತ್ತದೆ. ಬಣ್ಣದ ಅಣುವನ್ನು ಒಡೆಯುತ್ತದೆ, ಕೂದಲ ಪ್ರೋಟೀನಿನ ಗಂಟುಗಳನ್ನೂ ಬಿಚ್ಚುತ್ತದೆ. ಮೆಲನಿನ್ ಇದ್ದರೆ ಅದು ತಾನು ಪೆಟ್ಟು ತಿಂದು ಪ್ರೋಟೀನನ್ನು ಉಳಿಸುತ್ತದೆ. ಬ್ಲೀಚ್ ಮಾಡಿದ, ನರೆತ ಕೂದಲಿಗೆ ಆ ಕೊಡೆ ಇಲ್ಲ. ಕಪ್ಪು ಅಥವಾ ಕಂದು ಅಂದರೆ ಒಂದೇ ಬಣ್ಣ ಅಲ್ಲ, ಹಲವು ಬಣ್ಣಗಳ ಬೆರಕೆ. ಎಲ್ಲವೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಮೊದಲು ಕೆಲವು ಹೋಗುತ್ತವೆ, ಪೆರಾಕ್ಸೈಡ್ ತಿಳಿಯಾಗಿಸಿದ್ದ ನಮ್ಮದೇ ಕೂದಲಿನ ಕೆಂಪು ಕೆಳಗಿನಿಂದ ಇಣುಕುತ್ತದೆ. ಅಕ್ಕನ ಇಟ್ಟಿಗೆ ಬಣ್ಣದ ಗುಟ್ಟು ಇದು.

ಅವಳ ಬಿಸಿಲಿನ ಲೆಕ್ಕದಲ್ಲಿ ನಾನೊಂದು ಬಿಟ್ಟಿದ್ದೆ, ಆಮೇಲೆ ಗೊತ್ತಾಯಿತು. ಮಧ್ಯಾಹ್ನ ಹೊರಗೆ ಹೋಗದವಳು ತಲೆಸ್ನಾನ ಮಾಡಿ ಹತ್ತೂವರೆಗೆ ತಾರಸಿ ಮೇಲೆ ನಿಂತು ಕೂದಲು ಒಣಗಿಸುತ್ತಿದ್ದಳು. ಅರ್ಧ ಗಂಟೆ, ಬೆನ್ನು ಬಿಸಿಲಿಗೆ. ಒದ್ದೆ ಕೂದಲಿಗೆ ಬಿಸಿಲು ಒಣ ಕೂದಲಿಗಿಂತ ಜಾಸ್ತಿ ಹಾನಿ ಮಾಡುತ್ತದೆ. ಗಡಸು ನೀರಿನ ಜೊತೆ ಬಂದ ತಾಮ್ರದಂಥ ಲೋಹದ ಕಣಗಳು ಇದ್ದರಂತೂ ಆ ಕೆಲಸಕ್ಕೆ ಇನ್ನಷ್ಟು ಜೋರು. ನಾನು ಸ್ಕೂಟಿ ಮೇಲೆ ಹೋಗುವಾಗ ತಲೆಗೆ ಹತ್ತಿ ಬಟ್ಟೆ ಸುತ್ತಿ ಮೇಲೆ ಹೆಲ್ಮೆಟ್ ಹಾಕುತ್ತೇನೆ. ಪೊಲೀಸರ ಭಯಕ್ಕೆ ಹಾಕಿದ್ದು ಬಣ್ಣಕ್ಕೂ ಆಯಿತು.

ಅಮ್ಮ ಬಣ್ಣದ ಸೀರೆಯನ್ನು ಎಂದೂ ಬಿಸಿಲಿಗೆ ಹಾಕಿದವಳಲ್ಲ. ತಣ್ಣೀರಲ್ಲಿ ಬೇರೆಯಾಗಿ ಜಾಲಿಸಿ, ಹಿಂಡದೆ, ಒಳಮಗ್ಗುಲು ಮಾಡಿ ನೆರಳಿಗೆ ಹಾಕುತ್ತಿದ್ದಳು. ಹತ್ತಿ ಮಿಲ್ಲುಗಳ ಊರಲ್ಲಿ ಬೆಳೆದವರಿಗೆ ಇದು ಯಾರೂ ಕಲಿಸದ ಪಾಠ. ತಲೆಗೂ ಅಷ್ಟೇ ಮಾಡಿದರಾಯಿತು. ಒಂದೇ ವ್ಯತ್ಯಾಸ, ಹೊಸ ಸೀರೆಗೆ ಉಪ್ಪುನೀರು ಹಾಕಿದಂತೆ ತಲೆಗೆ ಉಪ್ಪು ಹಾಕಬೇಡಿ. ಡಬ್ಬಿಯ ಬಣ್ಣ ಉಪ್ಪಿಗೆ ನಿಲ್ಲುವುದಿಲ್ಲ.

ಹೊದಿಕೆ ಅಂದರೆ ಯಾವುದೋ ಒಂದು ಬಟ್ಟೆ ಅಲ್ಲ. ತೆಳು ಬಿಳಿ ಹತ್ತಿಯ ದುಪಟ್ಟಾದಲ್ಲಿ ಕಿರಣ ಸಾಕಷ್ಟು ತೂರುತ್ತದೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ವಾಸಿ. ಕೊಡೆ ಇನ್ನೂ ವಾಸಿ. ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಏಳುಸುತ್ತಿನ ಕೋಟೆ ಹತ್ತುವವರು ಬೆಳಗ್ಗೆಯೇ ಹೋಗಿ. ಒಬವ್ವನ ಕಿಂಡಿ ದಾಟಿದ ಮೇಲೆ ಬಂಡೆಯೇ ಬಂಡೆ, ನೆರಳು ಹುಡುಕಬೇಕು. ಕೂದಲು ಬಿಟ್ಟುಕೊಂಡು ಹೋಗುವುದಕ್ಕಿಂತ ಜಡೆ ಅಥವಾ ತುರುಬು ಕಟ್ಟಿ. ಬಿಸಿಲು ಮೇಲಿನ ಎಳೆಗಳಿಗೆ ಮಾತ್ರ ತಾಗುತ್ತದೆ.

ಕೂದಲಿಗೆ ಹೊಡೆಯುವ ಸನ್‌ಸ್ಕ್ರೀನ್ ಸ್ಪ್ರೇಗಳೂ ಬಂದಿವೆ. ಸ್ವಲ್ಪ ಸಹಾಯ ಇದೆ, ಅಷ್ಟೇ. ಅದರ ಮೇಲೆ ಎಸ್‌ಪಿಎಫ್ ಸಂಖ್ಯೆ ಬರೆದಿದ್ದರೆ ಕೂದಲಿಗೆ ಅದಕ್ಕೆ ಅರ್ಥವಿಲ್ಲ. ಆ ಅಳತೆ ಚರ್ಮ ಸುಟ್ಟು ಕೆಂಪಾಗುವುದರ ಲೆಕ್ಕ. ಹೊಟ್ಟಿಗೆ ಅಂತ ನಿಂಬೆರಸ ಹಚ್ಚುವವರು ಹಾಗೇ ಬಿಸಿಲಿಗೆ ಹೋಗಬೇಡಿ. ನಿಂಬೆ ಮತ್ತು ಬಿಸಿಲು ಸೇರಿದರೆ ಬಣ್ಣ ತಿಳಿಯಾಗುತ್ತದೆ.

ಬೇಸಿಗೆಯ ಬಾಗಿಲಲ್ಲೇ ಹೋಳಿ ಬರುತ್ತದೆ. ದಾವಣಗೆರೆಯ ರಾಮ್ ಅಂಡ್ ಕೋ ವೃತ್ತದಲ್ಲಿ ಆ ದಿನ ಸಿಕ್ಕಿಕೊಂಡವರಿಗೆ ಬಣ್ಣ ಅಂದರೇನು ಅಂತ ಗೊತ್ತು. ಸಂದಿ ಬಿಟ್ಟ ಹೆಂಚು ಒಳಗಿನದನ್ನು ಹೊರಗೆ ಬಿಡುವಂತೆ ಹೊರಗಿನದನ್ನೂ ಒಳಗೆ ಬಿಡುತ್ತದೆ. ಬ್ಲೀಚ್ ಮಾಡಿದ ತಲೆಗೆ ಬಿದ್ದ ಹಸಿರು ವಾರಗಟ್ಟಲೆ ಇರುತ್ತದೆ. ಆ ಒಂದು ದಿನ ಮಾತ್ರ ತೆಂಗಿನೆಣ್ಣೆ ಧಾರಾಳವಾಗಿ ಹಚ್ಚಿ ಜಡೆ ಹೆಣೆದು ಬಟ್ಟೆ ಕಟ್ಟಿ. ಈಜುಕೊಳಕ್ಕೂ ಇದೇ ಉಪಾಯ. ನೀರಿಗೆ ಇಳಿಯುವ ಮೊದಲು ಸಾದಾ ನೀರಲ್ಲಿ ತಲೆ ನೆನೆಸಿಕೊಂಡರೆ ಆ ಸ್ಪಂಜು ಆಗಲೇ ತುಂಬಿರುತ್ತದೆ, ಕ್ಲೋರಿನ್ ನೀರಿಗೆ ಜಾಗ ಕಡಿಮೆ.

ಮದುವೆಗೆ ಹಾಕುವವರಿಗೆ ಒಂದೆರಡು ಮಾತು. ಡಬ್ಬಿಯ ಬಣ್ಣವನ್ನು 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ತುರಿಕೆ, ಊತ ಬಂದರೆ ಆ ಡಬ್ಬಿ ನಿಮಗಲ್ಲ, ಎಷ್ಟು ವರ್ಷದಿಂದ ಹಾಕುತ್ತಿದ್ದರೂ ಸರಿ. ಎರಡನೇ ಸಲ ಹಾಕುವಾಗ ಬುಡಕ್ಕೆ ಮಾತ್ರ ಹಾಕಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹೊಸದಾಗಿ ಬಿಳಿ ಕಾಣುವುದು ಅಷ್ಟೇ. ಪ್ರತಿ ಸಲ ತುದಿಯ ತನಕ ಎಳೆದರೆ ತುದಿಯ ಹೆಂಚು ಎರಡು ಸಲ, ಮೂರು ಸಲ ಏಳುತ್ತದೆ. ಅಕ್ಕನ ತುದಿ ತೆಂಗಿನ ನಾರಾಗಿದ್ದು ನಾಲ್ಕು ಸಲ ಹಾಗೆ ಎಳೆದದ್ದಕ್ಕೆ. ಎರಡು ಇಂಚು ಕತ್ತರಿಸಿದಳು. ಈ ವರ್ಷ ಅವಳ ತಾರಸಿ ಮೇಲೆ ಹಪ್ಪಳ ಒಣಗುತ್ತಿದೆ, ಕೂದಲು ಹಜಾರದ ಫ್ಯಾನ್ ಕೆಳಗೆ.